ಮಶಾಕಸಾಬನು ಪೈಲ್ವಾನನಿಗೆ ಬಳೆ ತೊಡಿಸಿದ್ದು

ಇಂಡಿ ತಾಲ್ಲೂಕಿನ ತಾಂಬಾ ಗ್ರಾಮದ ಮಶಾಕಸಾಬನು ಬಳೆಗಾರನು. ಅವನ ತಂದೆ ಜೈನುದ್ದೀನನೂ ಬಳೆಗಾರನೇ ಆಗಿದ್ದನು. ತಂದೆ ಹೆಗಲ ಮೇಲೆ ಹೊತ್ತು ತಿರುಗಿದ ಬಳೆಯ ಮಲಾರವು ಮಗನ ಕಾಲಕ್ಕೆ ಮೊಪೆಡ್ಡಿನ ಹಿಂದೆ ಕಟ್ಟಿದ ತಗಡಿನ ಪೆಟ್ಟಿಗೆಯಾಯಿತು. ಇಷ್ಟನ್ನು ಬಿಟ್ಟರೆ ಆ ಮನೆತನದ ವೃತ್ತಿಯಲ್ಲಿ ಬದಲಾವಣೆಯೇನೂ ಆಗಲಿಲ್ಲ. ಇಂಡಿ, ಸಿಂದಗಿ, ಬಸವನಬಾಗೇವಾಡಿ, ಮುದ್ದೇಬಿಹಾಳ ಎಂಬ ನಾಲ್ಕು ತಾಲ್ಲೂಕುಗಳ ಹೆಣ್ಣುಮಕ್ಕಳು ತಮ್ಮ ಮುಂಗೈಗಳನ್ನು ನಿಶ್ಚಿಂತೆಯಿಂದ ಅವನಿಗೆ ಒಪ್ಪಿಸಿದ್ದರು.

ಈ ನಿಶ್ಚಿಂತೆಯ ವಿಷಯದಲ್ಲಿ ವಿಚಾರಶೀಲರು ಸ್ವಲ್ಪ ನಿಂತು ನೋಡಬೇಕು. ಪರಪುರುಷನ ನೆರಳು ಬಿದ್ದರೆ ಸೆರಗು ಸರಿಪಡಿಸಿಕೊಳ್ಳುವ ಮನೆಗಳಲ್ಲಿ ಈತನು ನಡುಮನೆಯ ಕಂಬಳಿಯ ಮೇಲೆ ಕುಳಿತು, ಒಬ್ಬೊಬ್ಬರದಾಗಿ ಕೈಗಳನ್ನು ಹಿಡಿದು, ಹಿಸುಕಿ, ಹೆಬ್ಬೆರಳನ್ನು ಮಡಿಚಿ, ಬಳೆ ಏರಿಸುತ್ತಿದ್ದನು. ಅವನು ಬಂದೊಡನೆ ಮನೆಯ ಗಂಡಸರು ಎದ್ದು ಕಟ್ಟೆಗೆ ಹೋಗುತ್ತಿದ್ದರು. ಹೆಂಗಸರ ಕೂಟದಲ್ಲಿ ಗಂಡಸರು ಇರಬಾರದೆಂಬುದೇ ಅವರ ಕಾರಣ. ಹಾಗಾದರೆ ಒಳಗೆ ಉಳಿದವನು ಯಾರು ಎಂಬ ಪ್ರಶ್ನೆ ಯಾರ ಮನಸ್ಸಿಗೂ ಹೊಳೆದಿರಲಿಲ್ಲ. ಬಳೆಗಾರನು ತವರಿನ ಅಣ್ಣನೆಂದು ಲೋಕವು ಎಂದೋ ತೀರ್ಮಾನಿಸಿತ್ತು. ಲೋಕವು ತೀರ್ಮಾನಿಸಿದ ಮೇಲೆ ಅವನ ಮೀಸೆಯೂ ತೆಪ್ಪಗಿರಬೇಕಾಗಿತ್ತು.

ಒಮ್ಮೆ ಸಿಂದಗಿಯ ಕಡೆಯ ಒಂದು ಮನೆಯಲ್ಲಿ ಬಸುರಿಯ ಕುಬಸಕ್ಕೆ ಅವನು ಬಳೆ ತೊಡಿಸುತ್ತಿದ್ದಾಗ ಹಿತ್ತಲಿನಿಂದ ಹಾವೊಂದು ಒಳಗೆ ಬಂದಿತು. ಅತ್ತೆಯು ಬೀದಿಗೆ ಓಡಿ, "ಮನ್ಯಾಗ ಒಬ್ಬ ಗಂಡಸೂ ಇಲ್ಲ, ಯಾರರ ಬರ್ರಿ" ಎಂದು ಕೂಗಿದಳು. ಒಳಗಿದ್ದ ಮಶಾಕಸಾಬನು ಈ ಮಾತು ಕೇಳಿ ಬಹಳ ನೊಂದುಕೊಂಡು, ಮನೆಗೆ ಬಂದು ಹೆಂಡತಿ ರಹಿಮಾಬಿಯ ಮುಂದೆ ದೂರಿಕೊಂಡನು.

ರಹಿಮಾಬಿಯು ಈರುಳ್ಳಿ ಹೆಚ್ಚುತ್ತಲೇ ಹೇಳಿದಳು: "ಆಕಿ ಅಂದದ್ದರಾಗ ತಪ್ಪೇನೈತಿ? ಹಾವು ಬಂದಾಗ ನೀ ಪೆಟ್ಟಿಗಿ ಮ್ಯಾಲ ಹತ್ತಿ ನಿಂತಿದ್ದಿಯಂತ."

"ಪೆಟ್ಟಿಗ್ಯಾಗ ಕಾಜಿನ ಬಳಿ ಇದ್ದವು. ಕಾಯಾಕ ನಿಂತಿದ್ದೆ."

"ಹಾವೇನು ಬಳಿ ತೊಡಾಕ ಬಂದಿತ್ತೇನು?"

ತಂದೆ ಜೈನುದ್ದೀನನು ಮಗನಿಗೆ ಪೆಟ್ಟಿಗೆಯೊಡನೆ ಒಂದು ಆಣೆಯನ್ನೂ ಕೊಟ್ಟಿದ್ದನು. ಒಂದು ಮನೆಯ ಕೈಯ ಸುದ್ದಿಯನ್ನು ಇನ್ನೊಂದು ಮನೆಗೆ ಒಯ್ಯಬಾರದು; ಯಾರ ಕೈಗೆ ಯಾವ ಬಳೆ ತೊಡಿಸಿದೆನೆಂಬುದನ್ನು ಮೂರನೆಯವರ ಮುಂದೆ ಆಡಬಾರದು. ಒಮ್ಮೆ ಬಾಯಿ ಜಾರಿದರೆ ನಾಲ್ಕು ತಾಲ್ಲೂಕುಗಳ ಬಾಗಿಲುಗಳು ಮುಚ್ಚಿಹೋಗುತ್ತವೆ. ಮಶಾಕಸಾಬನು ಹಾವಿಗೆ ಹೆದರಿದರೂ ಈ ಆಣೆಗೆ ಮಾತ್ರ ಎಂದೂ ತಪ್ಪಿದವನಲ್ಲ. ಹೀಗಿರುವಲ್ಲಿ, ಶ್ರಾವಣಮಾಸದ ಒಂದು ದಿನ ಗೊಳಸಂಗಿಯ ಗುರುನಾಥ ಪೈಲ್ವಾನನು ಅವನನ್ನು ಮನೆಯೊಳಕ್ಕೆ ಕರೆದನು.

ಗುರುನಾಥನು ಐವತ್ತು ದಾಟಿದವನು. ಯೌವನದಲ್ಲಿ ಅನೇಕ ಕುಸ್ತಿಗಳನ್ನು ಹೊಡೆದು, ಈಗ ಈರುಳ್ಳಿ ಬೆಳೆಯುತ್ತ, ಸಂಜೆ ತಾಲೀಮಿನಲ್ಲಿ ಹುಡುಗರಿಗೆ ಪಟ್ಟು ಕಲಿಸುತ್ತಿದ್ದವನು. ಅವನ ಹೆಂಡತಿ ಯಶೋಧಾ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಕೃಷ್ಣೆಯ ದಂಡೆಯ ತಂಗಡಗಿಯಲ್ಲಿರುವ ತವರಿಗೆ ಹೋಗಿದ್ದಳು. ಕಟ್ಟು ಬಿಚ್ಚಿದ ಮೇಲೂ ಬಹಳ ಕಾಲ ರೊಟ್ಟಿ ಬಡಿಯಬಾರದೆಂದು ಡಾಕ್ಟರು ವಿಧಿಸಿದ್ದರು. ಆದುದರಿಂದ ಪೈಲ್ವಾನನು ತಾನೇ ರೊಟ್ಟಿ ಕಲಿಯುವೆನೆಂದು ನಿಶ್ಚಯಿಸಿ, ಯಾರಿಗೂ ಹೇಳದೆ, ಹಿಟ್ಟಿನೊಡನೆ ಕಾಳಗಕ್ಕಿಳಿದನು. ಎದುರಾಳಿಗಳನ್ನು ಎತ್ತಿ ಬೀಸಿದ ಆ ಹಸ್ತಗಳ ಕೆಳಗೆ ಜೋಳದ ಹಿಟ್ಟು ಕಲ್ಲಿನಂತೆ ಕುಳಿತುಬಿಟ್ಟಿತು. ಎಷ್ಟು ಬಡಿದರೂ ತಿರುಗಲಿಲ್ಲ. ಎತ್ತಿದರೆ ಹಂಚನ್ನು ಮುಟ್ಟುವ ಮೊದಲೇ ಹರಿದು ಬಿದ್ದಿತು.

ಆಗ ಅವನು ಬಾಗೇವಾಡಿಯಲ್ಲಿ ಖಾನಾವಳಿ ನಡೆಸುವ ಸಿದ್ದಲಿಂಗವ್ವನಲ್ಲಿಗೆ ಹೋಗಿ ರಹಸ್ಯವೇನೆಂದು ಕೇಳಿದನು. ಆಕೆ ಹಂಚಿನ ಮುಂದೆ ಬೆವರುತ್ತಿದ್ದಳು, ಗಿರಾಕಿಗಳು ಕಾಯುತ್ತಿದ್ದರು. "ಪೈಲ್ವಾನರ, ಬೋಳಗೈಗೆ ರೊಟ್ಟಿ ತಿರಗತೈತೇನ್ರಿ? ಬಳಿ ಘಲ್ ಘಲ್ ಅನಬೇಕು, ಆ ಸಪ್ಪಳಕ್ಕ ಹಿಟ್ಟು ತಿರಗತೈತಿ" ಎಂದು ಹೇಳಿ ಅತ್ತ ತಿರುಗಿದಳು. ಆಕೆ ಹೇಳಿದ್ದು ಅರ್ಧ ತಮಾಷೆಗೆ. ಆದರೆ ಗುರುನಾಥನು ತಾಲೀಮಿನಲ್ಲಿ ಬೆಳೆದವನು. ಪಟ್ಟು ಕಲಿಸುವ ವಸ್ತಾದಿಯು ಮಣ್ಣು ತಿನ್ನೆಂದರೆ ಮಣ್ಣು ತಿನ್ನುವುದೇ ಅಲ್ಲಿಯ ಶಾಸ್ತ್ರ. ರೊಟ್ಟಿಗೆ ಸಿದ್ದಲಿಂಗವ್ವನೇ ವಸ್ತಾದಿ. ಆಕೆಯ ಮಾತಿಗೆ ಎದುರುಮಾತಿಲ್ಲ.

ಹೀಗಾಗಿ ಮಶಾಕಸಾಬನು ಒಳಗೆ ಬಂದೊಡನೆ ಪೈಲ್ವಾನನು ಬಾಗಿಲು ಹಾಕಿ ಅಗಳಿ ಇಕ್ಕಿದನು.

"ಸಾಬ್ರ, ಹಸರ ಬಳಿ ಬೇಕಾಗಿದ್ದವು."

"ತಂಗಿ ಬಂದಾಳೇನ್ರಿ?"

"ಇಲ್ರಿ, ತಂಗಡಗ್ಯಾಗ ಅದಾಳ."

"ಮತ್ತ ಯಾರಿಗ್ರಿ?"

ಗುರುನಾಥನು ಅಂಗಿಯ ತೋಳನ್ನು ಮೇಲೇರಿಸಿ, ಬೇವಿನ ಬೊಡ್ಡೆಯಂತಹ ಕೈಯನ್ನು ಪೆಟ್ಟಿಗೆಯ ಮೇಲೆ ಇಟ್ಟನು. ಉಳುಕು ತೋರಿಸುತ್ತಿದ್ದಾನೆಂದು ಬಗೆದ ಮಶಾಕಸಾಬನು, "ಎಣ್ಣಿ ಹಚ್ಚಿ ತಿಕ್ಕಿದ್ರ ಹೋಗತೈತ್ರಿ" ಎಂದನು.

"ನೋವಲ್ರಿ. ಬಳಿ ಇದಕ್ಕ."

ಹೆಂಡತಿಯಿಲ್ಲದ ಮನೆಯಲ್ಲಿ ಒಬ್ಬನೇ ಇದ್ದು ಈತನಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಬಳೆಗಾರನು ಅಗಳಿಯ ಕಡೆಗೆ ನೋಡಿದನು. ಪೈಲ್ವಾನನು ರೊಟ್ಟಿಯ ವೃತ್ತಾಂತವನ್ನೆಲ್ಲ ವಿವರಿಸಿದ ಮೇಲೆಯೂ ಅವನ ಅಂಜಿಕೆ ಹೋಗಲಿಲ್ಲ.

"ಗಂಡಸಗ ಬಳಿ ತೊಡಸ್ತೇನಿ ಅಂದ್ರ ಬೈಗುಳರಿ ಅದು. ನಾಳಿ ಯಾರರ ಕೇಳಿದ್ರ ನನ್ನ ಹಲ್ಲು ಉದರಸ್ತಾರ."

"ಮಠದ ಪುರಾಣಕ್ಕ ಬಂದಿದ್ರ ಹಿಂಗ ಅಂತಿದ್ದಿಲ್ಲ ನೀವು. ಶಾಸ್ತ್ರಿಗಳು ಬಿಡಿಸಿ ಹೇಳ್ಯಾರ. ಶರಣ ಸತಿ, ಲಿಂಗ ಪತಿ. ಲಿಂಗಪ್ಪ ಒಬ್ಬನೇ ಗಂಡ. ಉಳದಾವ್ರೆಲ್ಲಾ ಹೆಂಡ್ರು. ಗಂಡಸು ಅನ್ನಾಂವ ಊರಾಗ ಒಬ್ಬನೂ ಇಲ್ಲ."

"ಪಂಚಾಯ್ತಿ ಚೇರಮನ್ನರೂ?"

"ಚೇರಮನ್ನರೂ ಹೆಣ್ಣ."

ಮಶಾಕಸಾಬನು ಚೇರಮನ್ನರ ಮುಖವನ್ನು ನೆನೆದುಕೊಂಡನು. ತತ್ತ್ವವು ಅವನಿಗೆ ಹೊಸದಾಗಿರಲಿಲ್ಲ. ಹಿಂದಿನ ಕಾಲದ ಕೆಲವು ಫಕೀರರು ಪರಮಾತ್ಮನನ್ನೇ ವರನೆಂದು ಭಾವಿಸಿ, ನಿತ್ಯಸುಮಂಗಲಿಯರಾಗಿ ಕೈತುಂಬ ಬಳೆ ತೊಟ್ಟು ತಿರುಗುತ್ತಿದ್ದರೆಂದು ಅವನ ಅಜ್ಜ ಹೇಳುತ್ತಿದ್ದನು. ಪೀರರು ಕಣ್ಮುಚ್ಚಿದ ದಿನವನ್ನು ಉರುಸು, ಎಂದರೆ ಮದುವೆ, ಎಂದು ಕರೆಯುವುದೂ ಆ ಭಾವದಿಂದಲೇ. ಪುರುಷತ್ವವೆಂಬುದು ನಾಲ್ಕು ಜನರ ಮುಂದೆ ಉಟ್ಟುಕೊಳ್ಳುವ ಉಡುಗೆ, ದೇವರ ಮುಂದೆ ಅದನ್ನು ಕಳಚಿಡಬೇಕು ಎಂಬಲ್ಲಿ ಮಠವೂ ದರ್ಗಾವೂ ಒಂದಾದವು.

"ನಮ್ಮಾಗೂ ಹಂಗ ಐತ್ರಿ. ಅಂದ್ರ ಇದು ದೇವರ ಕೆಲಸ ಅನ್ರಿ."

"ದೇವರದು, ಮತ್ತ ರೊಟ್ಟಿದು."

ಎರಡು ಮತಗಳ ಹಿರಿಯರು ಒಪ್ಪಿದ ಈ ತತ್ತ್ವವನ್ನು ಬಳೆಯೊಂದು ಮಾತ್ರ ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿದ್ದ ಅತಿ ದೊಡ್ಡ ಬಳೆಯೂ ಬೆರಳುಗಳ ಗೆಣ್ಣಿನಲ್ಲಿಯೇ ಸಿಕ್ಕಿಕೊಂಡು ಚೂರಾಯಿತು. ಮಶಾಕಸಾಬನು ಸಿಂದಗಿಗೆ ಹೋಗಿ, ಸಗಟು ವ್ಯಾಪಾರಿ ಅಬ್ದುಲರಜಾಕನ ಅಂಗಡಿಯಲ್ಲಿ ಕೇಳಿದನು. ಅಬ್ದುಲರಜಾಕನು ಅಳತೆಯನ್ನು ನೋಡಿ, "ಆನಿಗೇನ್ಲೇ?" ಎಂದನು.

"ಗಿರಾಕಿ ಹೆಸರು ಹೇಳಂಗಿಲ್ಲ."

"ಆನಿ ಹೆಸರು ಹೇಳಿದ್ರ ಯಾರೇನಂತಾರ?"

ಅಂಗಡಿಯ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಒಂದು ಕಟ್ಟು ಹಸಿರು ಬಳೆ ಸಿಕ್ಕಿತು. ಅದನ್ನು ತೆಗೆದುಕೊಂಡು ಗೊಳಸಂಗಿಗೆ ಮರಳಿ, ಸಾಬೂನಿನ ನೊರೆಯಲ್ಲಿ ಪೈಲ್ವಾನನ ಕೈಯನ್ನು ನೆನೆಯಿಸಿ, ಮಶಾಕಸಾಬನು ಕಾರ್ಯಕ್ಕೆ ತೊಡಗಿದನು. ಕುಸ್ತಿಯ ಕಣದಲ್ಲಿ ಭುಜ ಕಳಚಿದಾಗಲೂ ತುಟಿ ಬಿಚ್ಚದವನು ಮೊದಲ ಬಳೆಗೇ "ಯವ್ವಾ" ಎಂದು ನರಳಿದನು. ಆ ಶಬ್ದ ಕೇಳಿದೊಡನೆ ಬಳೆಗಾರನ ನಾಲಿಗೆಯು ರೂಢಿಯ ದಾರಿ ಹಿಡಿಯಿತು.

"ಆತು ತಾಯಿ, ಆತು. ಕೈ ಸಡ್ಲ ಬಿಡವ್ವಾ. ಇನ್ನೊಂದೀಟು. ಶಾಣ್ಯಾಕಿ ನೀ."

ಎರಡು ಕೈಗಳೂ ತುಂಬಿದ ಮೇಲೆ, ಬಳೆ ತೊಟ್ಟವರು ಬಳೆಗಾರನಿಗೆ ನಮಸ್ಕರಿಸಬೇಕೆಂಬ ಪದ್ಧತಿಯನ್ನು ನೆನೆದು ಪೈಲ್ವಾನನು ಬಾಗಿದನು. ಮಶಾಕಸಾಬನು ಅದೇ ರೂಢಿಯಿಂದ ಕೈಯೆತ್ತಿ, "ಗಂಡನ ಆಯುಷ್ಯ ಗಟ್ಟಿಯಾಗಲಿ, ಮುತ್ತೈದಿಯಾಗಿ ಬಾಳವ್ವಾ" ಎಂದು ಹರಸಿಬಿಟ್ಟನು. ಹರಸಿದ ಮೇಲೆ ನಾಲಿಗೆ ಕಚ್ಚಿಕೊಂಡನು.

ಗುರುನಾಥನು ಗಂಭೀರವಾಗಿ ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, "ನನ್ನ ಗಂಡಗ ಸಾವ ಇಲ್ರಿ. ನಿಮ್ಮ ಆಶೀರ್ವಾದ ಸುಳ್ಳಾಗೂ ಮಾತ ಇಲ್ಲ" ಎಂದನು.

ಆಶ್ಚರ್ಯವೆಂದರೆ, ಮರುದಿನ ರೊಟ್ಟಿ ತಿರುಗಿತು. ಬಳೆಯ ಸಪ್ಪಳದೊಡನೆ ಕೈಗೆ ಒಂದು ಲಯ ಬಂದಿತೋ, ಬಳೆ ಒಡೆದೀತೆಂಬ ಭಯದಿಂದ ಹೊಡೆತವು ಮೆದುವಾಯಿತೋ ತಿಳಿಯದು. ಅವನು ನಿತ್ಯವೂ ಮುಂಜಾನೆ ಬಾಗಿಲು ಮುಚ್ಚಿ ಅಭ್ಯಾಸ ಮಾಡತೊಡಗಿದನು. ಹೊರಗೆ ಹೋಗುವಾಗ ಅಂಗಿಯ ತೋಳನ್ನು ಬೆರಳಿನವರೆಗೆ ಎಳೆದುಕೊಂಡು, ಕೈಯನ್ನು ಅಲುಗಿಸದೆ ಕೋಲಿನಂತೆ ನಡೆಯುತ್ತಿದ್ದನು.

ಆದರೆ ಪಕ್ಕದ ಮನೆಯ ಹನಮವ್ವನಿಗೂ ಇವನ ಅಡಿಗೆಮನೆಗೂ ನಡುವೆ ಇದ್ದುದು ಒಂದೇ ಮಣ್ಣಿನ ಗೋಡೆ. ಮುಂಜಾನೆ ರೊಟ್ಟಿ ಬಡಿಯುವ ಸಪ್ಪಳ, ಅದರೊಡನೆ ಕೈತುಂಬ ಬಳೆಯ ಸಪ್ಪಳ ಆಕೆಗೆ ಕೇಳಿಸಿತು. ಯಶೋಧಾ ಊರಲ್ಲಿಲ್ಲ. ಇನ್ನೇನು ಬೇಕು? ಆಕೆ ಬಾವಿಯ ಬಳಿ ಹೇಳಿದಳು: "ಹೆಂಡ್ತಿ ಕೈ ಮುರದೈತಿ ಅಂತ ಹೊಸಾ ಕೈ ತಂದಾನ. ಆಕಿನೂ ಎಂಥಾ ಮರ್ಯಾದಸ್ತಳು ನೋಡ್ರಿ, ಒಂದಿನಾನೂ ಬಾಗಲಿಗೆ ಬರೂದಿಲ್ಲ." ಸಂಜೆಯ ಹೊತ್ತಿಗೆ ಅದೇ ಮಾತು, ಬಳೆಗಾರನು ಆ ಮನೆಗೆ ಎರಡು ಸಲ ಬಂದು ಹೋದ ಸುದ್ದಿಯೊಡನೆ, ಫೋನಿನಲ್ಲಿ ತಂಗಡಗಿಯನ್ನು ಮುಟ್ಟಿತು.

ಮಶಾಕಸಾಬನು ತನ್ನ ಸುತ್ತಿನಲ್ಲಿ ತಂಗಡಗಿಗೆ ಹೋದಾಗ ಯಶೋಧಾ ತವರಿನ ಪಡಸಾಲೆಯಲ್ಲಿ ಅತ್ತು ಊದಿದ ಕಣ್ಣುಗಳಿಂದ ಕುಳಿತಿದ್ದಳು. ಪ್ಲಾಸ್ಟರ್ ಇಲ್ಲದ ಎಡಗೈಯನ್ನು ಮುಂದಕ್ಕೆ ಚಾಚಿ, ಅವನು ಅದನ್ನು ಹಿಡಿದೊಡನೆ ತಾನೇ ಅವನ ಮುಂಗೈಯನ್ನು ಬಿಗಿಹಿಡಿದಳು.

"ಮಶಾಕಣ್ಣ, ನಮ್ಮ ಮನ್ಯಾಗ ಬಳಿ ಯಾರಿಗೆ ತೊಡಸಿದಿ?"

"ಹೆಸರು ಹೇಳಂಗಿಲ್ಲ ತಂಗಿ. ಅಪ್ಪನ ಆಣಿ ಐತಿ."

"ಅಂದ್ರ ತೊಡಸಿದ್ದು ಖರೆ?"

ಮಶಾಕಸಾಬನು ಮೇಲಿನ ತೊಲೆಯನ್ನು ನೋಡಿದನು.

"ಹೆಸರು ಬ್ಯಾಡ ನನಗ. ಆಕಿ ಕೈ ಹೆಂಗದಾವ, ಅದನ್ನರ ಹೇಳು."

ಇದು ದೇವರೇ ತೆರೆದ ದಾರಿಯೆಂದು ಅವನಿಗೆ ತೋರಿತು. ಹೆಸರು ಹೇಳದೆಯೇ ಕೈಯನ್ನು ವರ್ಣಿಸಿದರೆ, ಮೂವತ್ತು ವರ್ಷ ಬಾಳ್ವೆ ಮಾಡಿದವಳು ಗುರುತು ಹಿಡಿಯಲಾರಳೇ? ಆದುದರಿಂದ ಅವನು ಉತ್ಸಾಹದಿಂದ, "ಕೈ ಭಾಳ ದೊಡ್ಡವು ತಂಗಿ" ಎಂದನು.

"ಎಷ್ಟ ದೊಡ್ಡವು?"

"ನಿನ್ನ ಎರಡೂ ಕೂಡಿಸಿದ್ರ ಆ ಕಡಿದು ಒಂದು."

"ಉಂಡು ತಿಂದು ಬೆಳದಾಕಿ ಅನ್ನು."

"ಹಂಗಲ್ಲ. ಕೂದಲಾನೂ ಅದಾವ. ಮೊಣಕೈ ತನಕ, ದಟ್ಟಗ."

ಬಂದವಳು ಚೆಲುವೆಯಾಗಿದ್ದರೆ ಗಂಡನ ಚಪಲವೆಂದು ತಿಳಿಯಬಹುದಾಗಿತ್ತು. "ಅಂಥಾಕಿನ್ನ ತಂದು ಇಟ್ಟುಕೊಂಡಾರ? ನನಗಿಂತಾ ಆಕಿ ಪಾಡ ಕಂಡ್ಳಾ ಅವರಿಗೆ?" ಎಂದು ಯಶೋಧಾ ಮೊದಲಿಗಿಂತ ಜೋರಾಗಿ ಅತ್ತಳು.

ಮಶಾಕಸಾಬನು ಮೀಸೆಯೂ ಇದೆಯೆಂದು ಹೇಳಲು ಬಾಯಿ ತೆರೆದನು. ಅಷ್ಟಾದರೆ ಹೆಸರು ಹೇಳಿದಂತೆಯೇ ಆಗುವುದೆಂದು ತೋರಿ ಬಾಯಿ ಮುಚ್ಚಿದನು. ಅಷ್ಟರಲ್ಲಿ ಯಶೋಧಾಳ ತಮ್ಮ ಮುತ್ತು ಒಳಗಿನಿಂದ ಬಂದನು.

"ಅಕ್ಕಾ, ನಾಳಿ ಮುದ್ದೇಬಿಹಾಳಕ್ಕ ಹೋಗೂಣು. ವಕೀಲರಿಗೆ ಹೇಳಿ ಇಟ್ಟೇನಿ. ಸೋಡಚೀಟಿ ಬರಸಿ ಒಗದುಬಿಡು."

ವಿಚ್ಛೇದನಕ್ಕೆ ಯಶೋಧಾ ಒಪ್ಪಿ ತಲೆಯಾಡಿಸಿದಳು. ಒಂದು ಸಂಸಾರವು ತನ್ನ ಕಣ್ಣೆದುರಿಗೆ, ಅದೂ ಒಂದು ಕಟ್ಟು ಬಳೆಯ ದೆಸೆಯಿಂದ, ಮುರಿದುಬೀಳುವುದನ್ನು ಬಳೆಗಾರನು ಕಂಡನು. ತಂದೆಯ ಆಣೆಯನ್ನು ಮುರಿಯಲಾರನು. ಮುರಿಯದೆ ಈ ಮನೆ ಉಳಿಯದು. ಕೊನೆಗೆ ಪೆಟ್ಟಿಗೆಯನ್ನು ಮುಚ್ಚಿ ಎದ್ದು, ಬಾಗಿಲಿನ ಕಡೆಗೆ ಮುಖ ಮಾಡಿ, ಯಾರಿಗೂ ಹೇಳದವನಂತೆ ಹೇಳಿದನು.

"ವಕೀಲರ ಕಡೆ ಹೋಗೂಕಿಂತ ಮದಲ ಒಮ್ಮಿ ಗೊಳಸಂಗಿಗೆ ಹೋಗು ತಂಗಿ. ರೊಟ್ಟಿ ಬಡಿಯೂ ಹೊತ್ತಿಗೆ ಹೋಗು. ಹಿತ್ತಲ ಬಾಗಲಾ ದೂಡು. ಇದರ ಮ್ಯಾಲ ನನಗೇನೂ ಕೇಳಬ್ಯಾಡ."

ಮರುದಿನ ಯಶೋಧಾ ಮೊದಲ ಬಸ್ಸಿಗೆ ಹೊರಟಳು. ತಮ್ಮನನ್ನು ವಕೀಲರ ಮನೆಯಲ್ಲಿ ಕಾಯಲು ಕಳುಹಿಸಿ, ಸತ್ಯವನ್ನು ಕಣ್ಣಾರೆ ಕಂಡೇ ಬರುವೆನೆಂದಿದ್ದಳು. ಬಸ್ಸಿನ ಹಿಂದೆ ಮಶಾಕಸಾಬನ ಮೊಪೆಡ್ಡು, ತನ್ನ ಅನ್ನವು ಉಳಿಯುವುದೋ ಹೋಗುವುದೋ ಎಂಬ ಚಿಂತೆಯಿಂದ ಕೆಮ್ಮುತ್ತ ಕೆಮ್ಮುತ್ತ ನಡೆಯಿತು.

ಗೊಳಸಂಗಿಯಲ್ಲಿ ಹನಮವ್ವನು ಫೋನಿನಿಂದ ಸುದ್ದಿ ತಿಳಿದು ಕಸಬರಿಗೆ ಹಿಡಿದು ಸಿದ್ಧಳಾಗಿದ್ದಳು. ಮೂವರೂ ಹಿತ್ತಲಿಗೆ ಬಂದು ಕಿವಿಗೊಟ್ಟರು. ಒಳಗೆ ತಪ್ ತಪ್ ಎಂದು ರೊಟ್ಟಿ, ಘಲ್ ಘಲ್ ಎಂದು ಬಳೆ. ಯಶೋಧಾ ಎಡಗೈಯಿಂದ ಬಾಗಿಲು ದೂಡಿದಳು. ಹೊಗೆಯ ನಡುವೆ, ಒಲೆಯ ಕಡೆಗೆ ಮುಖ ಮಾಡಿ, ತಲೆಯ ಮೇಲೆ ಶಲ್ಯ ಹೊದ್ದ ಭಾರಿ ಆಕೃತಿಯೊಂದು ಕುಳಿತಿತ್ತು.

"ಸೆರಗ ಬ್ಯಾರೆ ಹೊತ್ತಾಳ" ಎನ್ನುತ್ತ ಹನಮವ್ವನು ಕಸಬರಿಗೆಯನ್ನು ಬೀಸಿ ಆ ಬೆನ್ನಿನ ಮೇಲೆ ಒಂದು ಬಿಟ್ಟಳು. ಆಕೃತಿಯು ತಿರುಗಿತು.

"ಯವ್ವ, ಮೀಸಿ ಐತಿ" ಎಂದು ಹನಮವ್ವನು ಹಿಂದಕ್ಕೆ ಸರಿದಳು.

ಎಲ್ಲರಿಗಿಂತ ಮೊದಲು ಮಾತಾಡಿದವನು ಮಶಾಕಸಾಬನೇ. ಬಾಗಿಲ ಮರೆಯಿಂದ ತಲೆ ಹಾಕಿ, "ಪೈಲ್ವಾನರ, ನಾ ಹೆಸರು ಹೇಳಿಲ್ರಿ" ಎಂದನು.

ಯಶೋಧಾ ಒಲೆಯ ಸಂದಿ, ಜೋಳದ ಚೀಲಗಳ ಹಿಂದೆ, ಜಳಕದ ಕೋಣೆ ಎಲ್ಲವನ್ನೂ ಹುಡುಕಿ ಬಂದಳು. "ಎಲ್ಲಿ ಬಚ್ಚಿಟ್ಟೀರಿ ಆಕಿನ್ನ?"

"ಯಾರನ್ನ?"

"ಬಳಿ ತೊಟ್ಟಾಕಿನ್ನ."

ಪೈಲ್ವಾನನು ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಮೇಲೆತ್ತಿದನು. ಬಳೆಗಳು ಘಲ್ ಎಂದು ಮೊಣಕೈಯ ಕಡೆಗೆ ಜಾರಿ, ಅರ್ಧದಲ್ಲಿಯೇ ಸಿಕ್ಕಿಕೊಂಡವು. ಯಶೋಧಾ ಆ ಕೈಗಳನ್ನು ನೋಡಿದಳು, ಅವುಗಳ ಮೇಲಿನ ಕೂದಲನ್ನು ನೋಡಿದಳು, ಬಾಗಿಲ ಮರೆಯ ಬಳೆಗಾರನನ್ನೂ ನೋಡಿದಳು. ಬಳಿಕ ಹಿಟ್ಟಿನ ಡಬ್ಬಿಯ ಮೇಲೆ ಕುಳಿತಳು.

"ಇದೇನ ವೇಷರಿ?"

ಗುರುನಾಥನು ಸಿದ್ದಲಿಂಗವ್ವನ ಉಪದೇಶದಿಂದ ಮಠದ ಪುರಾಣದವರೆಗೆ ಎಲ್ಲವನ್ನೂ ಹೇಳಿದನು. ಹನಮವ್ವನಿಗೆ ಇದು ಸರಿಬರಲಿಲ್ಲ. "ಬಳಿಗೂ ರೊಟ್ಟಿಗೂ ಏನ ಸಂಬಂಧ? ಆಕಿ ನಿಮ್ಮನ್ನ ಮಂಗ್ಯಾ ಮಾಡ್ಯಾಳ. ತಗದು ಬಡೀರಿ ನೋಡೂಣು" ಎಂದಳು. ಮಶಾಕಸಾಬನು ಸಾಬೂನು ಹಚ್ಚಿ ಬಳೆಗಳನ್ನು ತೆಗೆದನು. ಪೈಲ್ವಾನನು ಬೋಳಗೈಯಿಂದ ಬಡಿದನು. ಹಿಟ್ಟು ಕುಳಿತಲ್ಲಿಯೇ ಕುಳಿತು, ಎತ್ತಿದೊಡನೆ ಹರಿಯಿತು. ಮತ್ತೆ ತೊಡಿಸಿದನು, ರೊಟ್ಟಿ ಗುಂಡಗೆ ತಿರುಗಿ ಹಂಚಿನ ಮೇಲೆ ಹೋಗಿ ಬಿದ್ದಿತು. ಹನಮವ್ವನು ತನ್ನ ಕೈಯ ಬಳೆಗಳನ್ನು ಒಮ್ಮೆ ನೋಡಿಕೊಂಡು, ಕಸಬರಿಗೆಯನ್ನು ಮೂಲೆಗೆ ಒರಗಿಸಿದಳು.

"ಇಷ್ಟೆಲ್ಲಾ ಯಾಕ ಬೇಕಿತ್ರಿ? ಅಂಗಡಿ ಕಟಕ ರೊಟ್ಟಿ ತಂದು ತಿಂದಿದ್ರ ಆಗತಿದ್ದಿಲ್ಲಾ?" ಎಂದು ಯಶೋಧಾ ಕೇಳಿದಳು.

ಪೈಲ್ವಾನನು ಹಂಚಿನ ಕಡೆಗೇ ನೋಡುತ್ತ ಹೇಳಿದನು: "ನೀ ಈ ಮನಿಗೆ ಬಂದಾಗಿಂದ ನಮಗೆಲ್ಲಾ ಬಿಸಿದು ಬಡದು ಕೊಟ್ಟು, ನೀ ತಿಂದದ್ದು ಆರಿದ್ದು. ಒಂದರ ಬಿಸಿ ರೊಟ್ಟಿ ನಿನಗ ಹಾಕಬೇಕಂತ ಮನಸಿನಾಗ ಇತ್ತು. ಹಾಕೂದು ಬರತಿದ್ದಿಲ್ಲ."

ಹಂಚಿನ ಮೇಲೆ ರೊಟ್ಟಿಯು ನಿಧಾನವಾಗಿ ಉಬ್ಬಿತು. ಅವನು ಅದನ್ನು ಬರಿಗೈಯಿಂದಲೇ ಎತ್ತಿ, ತುಂಡು ಮುರಿದು, ಪುಂಡಿಪಲ್ಲೆ ಹಚ್ಚಿ, ಬಲಗೈ ಕಟ್ಟಿನಲ್ಲಿದ್ದ ಹೆಂಡತಿಯ ಬಾಯಿಗೆ ಹಿಡಿದನು. ಹನಮವ್ವನು ಸೆರಗು ಮುಖಕ್ಕೆ ಎಳೆದುಕೊಂಡು ಅತ್ತ ತಿರುಗಿದಳು. ಮಶಾಕಸಾಬನೂ ಅತ್ತ ತಿರುಗಬೇಕೋ ಬೇಡವೋ ತಿಳಿಯದೆ ಪೆಟ್ಟಿಗೆಯ ಬೀಗವನ್ನು ಒರೆಸತೊಡಗಿದನು.

"ಸುಡತೈತ್ರಿ" ಎಂದಳು ಯಶೋಧಾ.

"ಬಿಸಿದು ಹಂಗ ಇರತೈತಿ. ನಿನಗ ರೂಢಿ ಇಲ್ಲ."

ಆಗ ಯಶೋಧಾಳ ಫೋನು ರಿಂಗಣಿಸಿತು. ಎಡಗೈಯಿಂದ ಕಿವಿಗೆ ಹಿಡಿದಳು. ಆ ಕಡೆಯಿಂದ ಮುತ್ತು, ವಕೀಲರು ಕೋರ್ಟಿಗೆ ಹೊರಟಿದ್ದಾರೆ, ಬರುತ್ತೀಯೋ ಇಲ್ಲವೋ ಎಂದು ಕೂಗುತ್ತಿದ್ದುದು ಎಲ್ಲರಿಗೂ ಕೇಳಿಸಿತು.

"ವಕೀಲರಿಗೆ ಕೋರ್ಟಿಗೆ ಹೋಗಂತ ಹೇಳೋ ತಮ್ಮಾ" ಎಂದು ಆಕೆ ತುಂಬಿದ ಬಾಯಿಯಿಂದ ಹೇಳಿದಳು. "ನನ್ನ ಅರಿವಿ ಗಂಟೂ ಇಲ್ಲಿಗೇ ಕಳಸು. ಈಗ ಫೋನ್ ಇಡು, ರೊಟ್ಟಿ ಆರತೈತಿ."